ನಾಲ್ಕು ಕೈಯ ದೇವರು, ನೂರು ರೂಪಾಯಿಯ ಮದ್ದು

ಬೆಂಗಳೂರಿನ ಸಿಗ್ನಲ್‌ಗಳಲ್ಲಿ ಈಗ ಆಪರೇಷನ್ ರೋಬೋಟ್ ದರ್ಶನ. ನಾಲ್ಕು ಕೈ ಚಾಚಿ ಆಸ್ಪತ್ರೆಯ ಹೋರ್ಡಿಂಗಿನಲ್ಲಿ ನಿಂತಿರುತ್ತದೆ. ಪಕ್ಕದಲ್ಲಿ ಡಾಕ್ಟರು ಕೈ ಕಟ್ಟಿಕೊಂಡು ನಗುತ್ತಿರುತ್ತಾರೆ. ನೋಡಿದವರು ಕ್ಯಾನ್ಸರ್ ಆಪರೇಷನ್ನನ್ನು ಯಂತ್ರವೇ ಮಾಡಿ ಮುಗಿಸುತ್ತದೆ ಅಂದುಕೊಳ್ಳುತ್ತಾರೆ. ಅದಕ್ಕೆ ತಾನಾಗಿ ಒಂದು ಹೊಲಿಗೆ ಹಾಕಲೂ ಬರುವುದಿಲ್ಲ. ಅದೇ ಡಾಕ್ಟರು ಪಕ್ಕದಲ್ಲಿ ಕೂತು ಆಡಿಸಬೇಕು. ಇದನ್ನೆಲ್ಲ ಹೋರ್ಡಿಂಗಿನಲ್ಲಿ ಬರೆದರೆ ಬಿಲ್‌ನಲ್ಲಿ ಏನು ಬರೆಯುವುದು, ಅಲ್ವಾ?

ಹಿಂದೆ ಫ್ಯಾಷನ್ ಬೇರೆ ಇತ್ತು. ಜಾಸ್ತಿ ಕತ್ತರಿಸಿದಷ್ಟೂ ದೊಡ್ಡ ಸರ್ಜನ್. ಅಮೆರಿಕದ ಸರ್ಜನ್ ಹಾಲ್‌ಸ್ಟೆಡ್ 1882ರಲ್ಲಿ ಸ್ತನದ ಕ್ಯಾನ್ಸರ್‌ಗೆ ಸ್ತನದ ಜೊತೆಗೆ ಎದೆಯ ಸ್ನಾಯು, ಕಂಕುಳಿನ ಗ್ರಂಥಿ ಎಲ್ಲವನ್ನೂ ಬಾಚಿ ತೆಗೆದರು. ಮುಂದೆ ದಶಕಗಟ್ಟಲೆ ಅದೇ ವೇದವಾಯಿತು. ಆರಂಭದ ಹಂತದಲ್ಲಿ ಸ್ತನ ಉಳಿಸಿ ಗಡ್ಡೆ ಇರುವ ಭಾಗ ಮಾತ್ರ ತೆಗೆದು ರೇಡಿಯೇಷನ್ ಕೊಟ್ಟರೂ ಹೆಂಗಸರು ಅಷ್ಟೇ ಕಾಲ ಬದುಕುತ್ತಾರೆ ಎಂದು ಸರ್ಜನ್‌ಗಳಾದ ಅಮೆರಿಕದ ಬರ್ನಾರ್ಡ್ ಫಿಶರ್, ಇಟಲಿಯ ವೆರೊನೇಸಿ ಟ್ರಯಲ್ ನಡೆಸಿ, ಅಂದರೆ ರೋಗಿಗಳನ್ನು ಗುಂಪು ಮಾಡಿ ಹೋಲಿಸಿ, ತೋರಿಸಿದರು. 2002ರಲ್ಲಿ ಇಬ್ಬರೂ 20 ವರ್ಷಗಳ ಲೆಕ್ಕವನ್ನೇ ಮುಂದಿಟ್ಟರು.

ಈಗ ಫ್ಯಾಷನ್ ತಿರುಗಿದೆ. ಆಪರೇಷನ್‌ಗೆ ಕೊರೆಯುವ ರಂಧ್ರ ಸಣ್ಣದಾದಷ್ಟೂ ಸರ್ಜನ್ ದೊಡ್ಡವರು. ಗಂಡಸರ ಮೂತ್ರಕೋಶದ ಕೆಳಗಿನ ಪ್ರಾಸ್ಟೇಟ್ ಗ್ರಂಥಿಯಂಥ ಇಕ್ಕಟ್ಟಿನ ಜಾಗದಲ್ಲಿ ಯಂತ್ರದ ಕೈ ಅನುಕೂಲವೇ, ಇಲ್ಲ ಅನ್ನುವುದಿಲ್ಲ. ಆದರೆ 2018ರಲ್ಲಿ ಗರ್ಭಕಂಠದ ಕ್ಯಾನ್ಸರ್ ಮೇಲಿನ ಒಂದು ದೊಡ್ಡ ಟ್ರಯಲ್ ತಲೆಕೆಳಗಾದ ಸುದ್ದಿ ಕೊಟ್ಟಿತು. ರಂಧ್ರದ ಸರ್ಜರಿ ಆದವರಲ್ಲಿ, ಅಂದರೆ ಕ್ಯಾಮೆರಾ ತೂರಿಸಿ ಮಾಡುವ ಲ್ಯಾಪರೊಸ್ಕೋಪಿ, ರೋಬೋಟ್ ಎರಡೂ ಸೇರಿ, ಮೂರು ವರ್ಷದ ನಂತರ ಬದುಕಿದ್ದವರು ಶೇ. 93.8. ಹಳೇ ಕಾಲದ ಹಾಗೆ ಹೊಟ್ಟೆ ತೆರೆದು ಮಾಡಿಸಿಕೊಂಡವರಲ್ಲಿ ಶೇ. 99. ಪಾಪ, ಈ ಅಂಕಿಗೆ ಹೋರ್ಡಿಂಗಿನಲ್ಲಿ ಜಾಗ ಸಿಗಲಿಲ್ಲ.

ಇನ್ನೊಂದು ಸುದ್ದಿ ಮುಂಬೈಯ ಟಾಟಾ ಮೆಮೋರಿಯಲ್ ಕ್ಯಾನ್ಸರ್ ಆಸ್ಪತ್ರೆಯದು. ಹಲ್ಲು ಕೀಳುವಾಗ ಮರಗಟ್ಟಿಸಲು ಕೊಡುತ್ತಾರಲ್ಲ, ಆ ಲಿಗ್ನೋಕೇನ್. ಡಾ. ರಾಜೇಂದ್ರ ಬಡ್ವೆ ತಂಡ ಸ್ತನದ ಗಡ್ಡೆಯನ್ನು ತೆಗೆಯುವ ಕೆಲವೇ ನಿಮಿಷ ಮೊದಲು ಅದರ ಸುತ್ತ ಇದನ್ನು ಚುಚ್ಚಿತು. 1600 ಹೆಂಗಸರ ಟ್ರಯಲ್. ಐದು ವರ್ಷದ ನಂತರ ಬದುಕಿದ್ದವರು ಇಂಜೆಕ್ಷನ್ ಇಲ್ಲದೆ ಶೇ. 86.4, ಇಂಜೆಕ್ಷನ್ ಇದ್ದರೆ ಶೇ. 90.1. ಖರ್ಚು ನೂರು ರೂಪಾಯಿಯೂ ಇಲ್ಲ.

ಇದೇ ಅದರ ದೊಡ್ಡ ತಪ್ಪು. ನೂರು ರೂಪಾಯಿಯ ವಸ್ತುವಿಗೆ ರಿಬ್ಬನ್ ಕತ್ತರಿಸಲು ಯಾವ ಮಂತ್ರಿ ಬರುತ್ತಾರೆ? ಪ್ಯಾಕೇಜ್‌ಗೆ ಎಲ್ಲಿ ಸೇರಿಸುವುದು? ಮಾರ್ಕೆಟಿಂಗ್‌ನವರು ಸುಮ್ನೆ ಕೂರದೆ ಅದಕ್ಕೊಂದು ಇಟಾಲಿಯನ್ ಹೆಸರಿಡಬೇಕು, ನೀಲಿ ಲೈಟ್ ಹಾಕಿ ಫೋಟೋ ತೆಗೆಸಬೇಕು, ಬೆಲೆ ಎರಡು ಲಕ್ಷ ಮಾಡಬೇಕು. ಆಮೇಲೆ ನೋಡಿ, ಇಎಂಐ ಕೌಂಟರ್ ಮುಂದೆ ಕ್ಯೂ ಹೇಗೆ ಬೆಳೆಯುತ್ತದೆ ಅಂತ.