ಮೂರು ಕಿರೀಟ, ಹನ್ನೊಂದು ಬಾಲ

ಜರ್ಮನಿಯ ಕೊಲೋನ್ ನಗರದ ಲಾಂಛನದಲ್ಲಿ ಸಿಂಹವಿಲ್ಲ, ಕೋಟೆಯಿಲ್ಲ. ಗುರಾಣಿಯ ಮೇಲ್ಭಾಗದ ಕೆಂಪು ಪಟ್ಟಿಯಲ್ಲಿ ಸಾಲಾಗಿ ಮೂರು ಚಿನ್ನದ ಕಿರೀಟ, ಕೆಳಗೆ ಬಿಳಿಯ ಮೇಲೆ ಹನ್ನೊಂದು ಕರಿ ಗುರುತು, ಅಷ್ಟೇ. ಆ ಗುರುತುಗಳನ್ನು ಕೆಲವರು ಜ್ವಾಲೆ ಎನ್ನುತ್ತಾರೆ, ಕೆಲವರು ಕಣ್ಣೀರ ಹನಿ ಎನ್ನುತ್ತಾರೆ. ಲಾಂಛನಶಾಸ್ತ್ರದವರನ್ನು ಕೇಳಿದರೆ ಅವು ಬಾಲ! ಚಳಿಗಾಲದಲ್ಲಿ ಮೈಯೆಲ್ಲ ಬೆಳ್ಳಗಾದರೂ ಬಾಲದ ತುದಿ ಮಾತ್ರ ಕಪ್ಪಗೇ ಉಳಿಯುವ ಅರ್ಮಿನ್ ಎಂಬ ಪುಟ್ಟ ಪ್ರಾಣಿಯದು. ಅದರ ತುಪ್ಪಳ ಫ್ರಾನ್ಸಿನ ಬ್ರಿಟನಿ ಸೀಮೆಯ ದೊರೆಗಳ ಗುರುತು. ಕೊಲೋನಿನಲ್ಲಿ ಹತಳಾದ ಸಂತ ಉರ್ಸುಲಾ ಆ ಸೀಮೆಯ ರಾಜಕುಮಾರಿಯಂತೆ.

ಅವಳೊಂದಿಗೆ ಸತ್ತ ಕನ್ಯೆಯರು ಹನ್ನೊಂದು ಸಾವಿರ ಎನ್ನುತ್ತದೆ ಐತಿಹ್ಯ. ಮೊದಲು ಇದ್ದದ್ದು ಬರೀ ಹನ್ನೊಂದು, ರೋಮನ್ ಅಂಕಿಯ ಪಕ್ಕದ 'ಎಂ' ಅಕ್ಷರವನ್ನು ಯಾರೋ ಸಾವಿರವೆಂದು ಓದಿಕೊಂಡರು ಎಂಬ ಊಹೆಯೂ ಉಂಟು. ಗುರಾಣಿ ಮಾತ್ರ ಜಾಣತನದಿಂದ ಹನ್ನೊಂದಕ್ಕೇ ನಿಂತಿದೆ.

ಕಿರೀಟಗಳ ಕಥೆಗೆ ಇಸವಿಯೂ ಇದೆ. 1164ರಲ್ಲಿ ಆರ್ಚ್‌ಬಿಷಪ್ ರೈನಾಲ್ಡ್ ಫಾನ್ ಡಾಸೆಲ್, ಶಿಶು ಯೇಸುವನ್ನು ಕಾಣಲು ಬಂದ ಮೂಡಣದ ಜೋಯಿಸರ ಅಸ್ಥಿಯೆಂದು ನಂಬಲಾದದ್ದನ್ನು ಮಿಲಾನಿನಿಂದ ತಂದ. ಜನ ಅವರನ್ನು ಮೂವರು ರಾಜರೆನ್ನುತ್ತಾರೆ; ಬೈಬಲು ಮೂವರು ಎಂದೂ ಹೇಳಿಲ್ಲ, ರಾಜರು ಎಂದೂ ಹೇಳಿಲ್ಲ. ಆದರೆ ಕೊಲೋನಿಗೆ ಯಾತ್ರಿಕರು ಬರತೊಡಗಿದರು, 1248ರಲ್ಲಿ ದೊಡ್ಡ ಕೆಥೆಡ್ರಲ್ಲಿಗೆ ಅಡಿಗಲ್ಲು ಬಿತ್ತು, ಕಿರೀಟಗಳು ಗುರಾಣಿಯೇರಿದವು. ನೆಪೋಲಿಯನ್ನನ ಕಾಲದಲ್ಲಿ ಅವುಗಳ ನೆತ್ತಿಯ ಮೇಲೆ ಅವನ ಗುರುತಾದ ಜೇನುನೊಣಗಳೂ ಮೂರು ಬಂದು ಕೂತಿದ್ದವು. ಜರ್ಮನ್ ರಾಜ್ಯವಾದ ಪ್ರಷ್ಯದ ಆಡಳಿತ ಬಂದಾಗ ಹಾರಿಹೋದವು.

ಬಿಡಿಸಲು ಕೂತವರು ಎಡವುವುದು ಬಾಲಗಳ ಹತ್ತಿರ. ಮೇಲಿನ ಸಾಲಿಗೆ ಐದು, ನಡುವೆ ನಾಲ್ಕು, ಕೆಳಗೆ ಎರಡು. ಗುರಾಣಿ ತುದಿಗೆ ಚೂಪಾಗುವುದರಿಂದ ಕೊನೆಯ ಸಾಲಿನಲ್ಲಿ ಮೂರನೆಯದನ್ನು ತುರುಕಿದರೆ ಅಂಚಿಗೆ ತಾಗುತ್ತದೆ. ಅಂಗಿಯ ಗುಂಡಿಯಷ್ಟು ಚಿಕ್ಕದಾಗಿ ಅಚ್ಚು ಹಾಕಿದರೆ ಹನ್ನೊಂದೂ ಅಂಟಿಕೊಂಡು ಮಸಿಯ ಕಲೆಯಾಗುತ್ತವೆ. ಹಾಗೆಂದು ಎರಡು ಕಮ್ಮಿ ಮಾಡುವಂತಿಲ್ಲ, ಬಾಲವನ್ನೇ ಸಣಕಲಾಗಿಸಬೇಕು. ಕಿರೀಟವನ್ನು ಬಿಳಿಯ ಮೇಲಿಡುವುದೂ ತಪ್ಪು: ಲಾಂಛನಶಾಸ್ತ್ರದಲ್ಲಿ ಬಿಳಿಯೆಂದರೆ ಬೆಳ್ಳಿ, ಚಿನ್ನವೂ ಬೆಳ್ಳಿಯೂ ಲೋಹ, ಲೋಹದ ಮೇಲೆ ಲೋಹ ಕೂಡದು, ದೂರದಿಂದ ಕಾಣುವುದಿಲ್ಲ. ಬಣ್ಣವೇ ಇಲ್ಲದ ಮುದ್ರೆಯಲ್ಲಾದರೆ ಕೆಂಪಿಗೆ ಮೇಲಿಂದ ಕೆಳಕ್ಕೆ ನೆಟ್ಟಗಿನ ಗೆರೆ, ಚಿನ್ನಕ್ಕೆ ಚುಕ್ಕಿ. ಬೆಳ್ಳಿಯ ಜಾಗ ಖಾಲಿ.