‘ಶಿಕ್ಷೆ’ ಕೆಟ್ಟುಹೋದ ಪದವಲ್ಲ

“ಶಿಕ್ಷಾ ಎಂದರೆ ವಿದ್ಯೆ. ಬ್ರಿಟಿಷರ ಶಾಲೆಗಳಲ್ಲಿ ಬೆತ್ತದ ಏಟು ತಿಂದ ಕನ್ನಡಿಗರು ಅದನ್ನು ದಂಡನೆಯಾಗಿಸಿ ಪದವನ್ನೇ ಕೆಡಿಸಿದರು” ಎಂಬ ಸಂದೇಶ ಮೊಬೈಲಿನಿಂದ ಮೊಬೈಲಿಗೆ ಹಾರುತ್ತಿದೆ. ಕಥೆ ಸೊಗಸಾಗಿದೆ, ನಿಜವಲ್ಲ.

ಹಿಂದಿ, ಬಂಗಾಳಿಗಳಲ್ಲಿ ಶಿಕ್ಷಾ ವಿದ್ಯೆಯೇ, ಸರಿ. ಆದರೆ ಮರಾಠಿ, ತೆಲುಗು, ಮಲಯಾಳಗಳಲ್ಲೂ ಅದು ದಂಡನೆಯೇ. ಇಷ್ಟು ಭಾಷೆಗಳವರು ಒಂದೇ ಬೆತ್ತಕ್ಕೆ ಬೆನ್ನು ಕೊಟ್ಟರೇ? ಸಂಸ್ಕೃತ ನಿಘಂಟುಗಳಲ್ಲೇ ಕಲಿಕೆ, ಬೋಧನೆಗಳ ಜೊತೆಗೆ ದಂಡನೆ ಎಂಬ ಅರ್ಥವೂ ಇದೆ. ಮೂಲ ಧಾತು ‘ಶಕ್’. ಶಕ್ತನಾಗಬೇಕೆಂಬ ಬಯಕೆಯಿಂದ ‘ಶಿಕ್ಷ್’, ಅಂದರೆ ಕಲಿ. ವೇದಾಧ್ಯಯನಕ್ಕೆ ನೆರವಾಗುವ ಶಾಸ್ತ್ರಗಳಾದ ವೇದಾಂಗಗಳಲ್ಲಿ ಶಿಕ್ಷಾ ಎಂದರೆ ಉಚ್ಚಾರಣಾ ಶಾಸ್ತ್ರ. ಪಾಲಿ ಭಾಷೆಯ ‘ಸಿಕ್ಖಾ’ ಬೌದ್ಧ ಭಿಕ್ಷುಗಳ ನಡತೆಯ ತರಬೇತಿ. ತಿದ್ದುವುದಕ್ಕೂ ದಂಡಿಸುವುದಕ್ಕೂ ನಡುವೆ ಒಂದೇ ಹೆಜ್ಜೆ. “ನಿನಗೆ ಬುದ್ಧಿ ಕಲಿಸುತ್ತೇನೆ ತಾಳು” ಎಂದವರ ಕೈಯಲ್ಲಿ ಪುಸ್ತಕ ಇರುವುದಿಲ್ಲವಷ್ಟೆ!

ಇನ್ನು, ನಾವು ಹಳೆಯ ಅರ್ಥವನ್ನು ಕಳೆದುಕೊಂಡೂ ಇಲ್ಲ. ಶಿಕ್ಷಕ, ಶಿಕ್ಷಣ ಎರಡೂ ಬಳಕೆಯಲ್ಲಿವೆ. ತಮಾಷೆಯೆಂದರೆ, ‘ದುಷ್ಟ ಶಿಕ್ಷಣ, ಶಿಷ್ಟ ರಕ್ಷಣ’ ಎನ್ನುವಾಗ ಅದೇ ಶಿಕ್ಷಣ ದಂಡನೆಯಾಗುತ್ತದೆ. ಅಲ್ಲಿ ದುಷ್ಟರಿಗೆ ಯಾರೂ ಕಾಗುಣಿತ ಹೇಳಿಕೊಡುವುದಿಲ್ಲ. ಕೇಂದ್ರದ ‘ಸರ್ವ ಶಿಕ್ಷಾ ಅಭಿಯಾನ’ ಕರ್ನಾಟಕದಲ್ಲಿ ‘ಸರ್ವ ಶಿಕ್ಷಣ ಅಭಿಯಾನ’ವಾಯಿತು. ಇಲ್ಲದಿದ್ದರೆ ಎಲ್ಲರಿಗೂ ಶಿಕ್ಷೆ ಎಂದು ಮಕ್ಕಳು ಓದಿಕೊಳ್ಳುತ್ತಿದ್ದರು.