ಟನೆಲ್‌ನ 924 ಗಜ ಮತ್ತು ನಮ್ಮ ಮಾವನ ಹಿಡಿತ

ನ್ಯೂಜೆರ್ಸಿಗೆ ಬಂದು ಹನ್ನೊಂದು ವರ್ಷ ಆಯ್ತು. ಇಲ್ಲಿಯ ಫುಟ್‌ಬಾಲ್, ಅಂದರೆ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಅಮೆರಿಕನ್ ಆಟ, ನನ್ನ ತಲೆಗೆ ಹತ್ತಿದ್ದು ಮಾತ್ರ ಪಕ್ಕದ ಮನೆಯ ಅಜ್ಜನಿಂದ. ಒಂದು ಸಂಜೆ ಅವರಿಗೆ ನಮ್ಮ ಪುತ್ತೂರು ಕಡೆಯ ಕಬಡ್ಡಿ ಬಗ್ಗೆ ಹೇಳುತ್ತಿದ್ದೆ. ನಮ್ಮ ಮಾವ ಎಡಮೂಲೆಯಲ್ಲಿ ನಿಂತು ರೈಡರ್‌ಗಳ ಕಾಲು ಹಿಡಿಯುತ್ತಿದ್ದರು, ಒಮ್ಮೆ ಹಿಡಿದರೆ ಬಿಡುತ್ತಿರಲಿಲ್ಲ ಅಂದೆ. ಅಜ್ಜ ಪೂರ್ತಿ ಕೇಳಿಸಿಕೊಂಡು, ಹಾಗಾದ್ರೆ ನೀನು ಎಮ್ಲನ್ ಟನೆಲ್ ಬಗ್ಗೆ ಓದಲೇಬೇಕು ಅಂದರು. ಚಿಕ್ಕ ಹುಡುಗನಾಗಿದ್ದಾಗ ಅಪ್ಪನ ಜೊತೆ ನ್ಯೂಯಾರ್ಕಿನ ಪೋಲೋ ಗ್ರೌಂಡ್ಸ್‌ನಲ್ಲಿ ಅವನ ಆಟ ನೋಡಿದ್ದರಂತೆ.

ಓದಿದೆ. ಓದಿದ ಮೇಲೆ ಸುಮ್ನೆ ಇರಲಾಗಲಿಲ್ಲ.

ಟನೆಲ್ ನ್ಯೂಯಾರ್ಕ್ ಜೈಂಟ್ಸ್ ತಂಡದ ರಕ್ಷಣೆಯ ಆಟಗಾರ. ಎಲ್ಲರಿಗಿಂತ ಹಿಂದೆ ನಿಂತು, ಎದುರು ತಂಡ ದೂರಕ್ಕೆ ಎಸೆದ ಚೆಂಡನ್ನು ಅವರ ಕೈಗೆ ಸಿಗದಂತೆ ನೋಡಿಕೊಳ್ಳುವುದು, ಸಿಕ್ಕಿದರೆ ತಾನೇ ಹಿಡಿದು ಓಡುವುದು ಅವನ ಕೆಲಸ. ಎದುರಾಳಿ ಒದ್ದು ಕಳಿಸಿದ ಚೆಂಡನ್ನು ಹಿಡಿದು ವಾಪಸ್ ಓಡುವ ಜವಾಬ್ದಾರಿಯೂ ಅವನದೇ. 1952ರಲ್ಲಿ ಏನಾಯಿತು ನೋಡಿ. ಎದುರಾಳಿಯ 7 ಎಸೆತ ಕಿತ್ತುಕೊಂಡು 149 ಗಜ ಓಡಿದ. ಪಂಟ್ ಅಂತಾರಲ್ಲ, ಆ ಒದೆತದ ಚೆಂಡುಗಳನ್ನು 30 ಸಲ ಹಿಡಿದು 411 ಗಜ. ಆಟ ಶುರು ಮಾಡುವ ಒದೆತದ ಚೆಂಡುಗಳಲ್ಲಿ 364 ಗಜ. ಒಟ್ಟು 924. ಆ ವರ್ಷ ಇಡೀ ಲೀಗ್‌ನಲ್ಲಿ ತನ್ನ ತಂಡದ ದಾಳಿಯಲ್ಲಿ ಚೆಂಡು ಹೊತ್ತು ಅತಿ ಹೆಚ್ಚು ಓಡಿದವನು ಲಾಸ್ ಏಂಜಲೀಸ್ ರ‍್ಯಾಮ್ಸ್‌ನ ಡ್ಯಾನ್ ಟೌಲರ್, ಅವನ ಲೆಕ್ಕ 894. ಅಂದರೆ ಓಡುವುದೇ ಕೆಲಸವಾಗಿದ್ದವನಿಗಿಂತ, ತಡೆಯುವ ಕೆಲಸಕ್ಕೆ ನಿಂತವನು ಜಾಸ್ತಿ ಓಡಿದ್ದ! ಅದೇ ವರ್ಷ ರ‍್ಯಾಮ್ಸ್‌ನ ಹೊಸ ಹುಡುಗ ಡಿಕ್ ಲೇನ್ ಹನ್ನೆರಡು ಪಂದ್ಯಗಳಲ್ಲಿ 14 ಎಸೆತ ಕಿತ್ತುಕೊಂಡ, ಅದು ದೊಡ್ಡ ಸಾಧನೆಯೇ. ಆದರೂ ನನಗೆ ಟನೆಲ್‌ನ ವರ್ಷವೇ ದೊಡ್ಡದು. ಚೆಂಡು ಯಾವ ದಾರಿಯಲ್ಲಿ ಬಂದರೂ ಅವನು ಅಲ್ಲಿದ್ದ.

ಇವನು ತಂಡಕ್ಕೆ ಸೇರಿದ್ದೂ ಹಾಗೇ, ಯಾರೂ ಕರೆದದ್ದಲ್ಲ. 1948ರಲ್ಲಿ ಬಾಳೆಹಣ್ಣಿನ ಲಾರಿ ಹತ್ತಿ ನ್ಯೂಯಾರ್ಕಿಗೆ ಬಂದು, ಜೈಂಟ್ಸ್ ಕಚೇರಿಗೇ ಹೋಗಿ ನನಗೊಂದು ಅವಕಾಶ ಕೊಡಿ ಅಂತ ಕೇಳಿದ. ಆ ತಂಡದ ಮೊದಲ ಕಪ್ಪು ಆಟಗಾರ ಅವನು. ಅದಕ್ಕೂ ಮೊದಲು ಕಾಲೇಜಿನ ಆಟದಲ್ಲಿ ಕುತ್ತಿಗೆ ಮೂಳೆ ಮುರಿದುಕೊಂಡಿದ್ದ. ಯುದ್ಧದ ಕಾಲದಲ್ಲಿ ಕೋಸ್ಟ್ ಗಾರ್ಡ್‌ನಲ್ಲಿದ್ದಾಗ, ಬೆಂಕಿ ಹೊತ್ತಿಕೊಂಡಿದ್ದ ಜೊತೆಗಾರನನ್ನು ಬರಿಗೈಯಲ್ಲೇ ಬೆಂಕಿ ಆರಿಸಿ ಉಳಿಸಿದ್ದ.

ಈಗ ನನ್ನ ಮನಸ್ಸಿನಲ್ಲಿರುವುದನ್ನು ಹೇಳುತ್ತೇನೆ. ತಡೆಯುವವನನ್ನು ಗೌರವಿಸುವುದರಲ್ಲಿ ನಮ್ಮ ಊರು ಮುಂದೆ. ಹೊನಲು ಬೆಳಕಿನ ಪಂದ್ಯಾಟ ಮುಗಿದ ಬೆಳಗಿನ ಜಾವ, ಇಡೀ ಊರು ನಿದ್ದೆಗಣ್ಣಲ್ಲಿ ನಿಂತಿರುವಾಗ, ಉತ್ತಮ ದಾಳಿಗಾರನ ಜೊತೆಗೇ ಉತ್ತಮ ಹಿಡಿತಗಾರನನ್ನೂ ವೇದಿಕೆಗೆ ಕರೆದು ಪ್ರಶಸ್ತಿ ಕೊಡುತ್ತೇವೆ. ಎರಡೂ ಬಲ್ಲವನಿಗೆ ಸವ್ಯಸಾಚಿ ಪ್ರಶಸ್ತಿ ಬೇರೆ. ಇಲ್ಲಿ ದೊಡ್ಡ ಆಟಗಾರರನ್ನು ಸೇರಿಸಿಕೊಂಡು ಗೌರವಿಸುವ ಫುಟ್‌ಬಾಲ್‌ನ ಹಾಲ್ ಆಫ್ ಫೇಮ್ 1963ರಲ್ಲಿ ಶುರುವಾದರೂ, ಬರೀ ರಕ್ಷಣೆಯ ಆಟಕ್ಕಾಗಿ ಒಬ್ಬನನ್ನು ಸೇರಿಸಿಕೊಂಡದ್ದು 1967ರಲ್ಲಿ, ಅವನೇ ಟನೆಲ್. ಅಲ್ಲಿ ಜಾಗ ಸಿಕ್ಕ ಮೊದಲ ಕಪ್ಪು ಆಟಗಾರನೂ ಅವನೇ. ಜೀವ ಉಳಿಸಿದ್ದಕ್ಕೆ ಪದಕ ಬಂದದ್ದು 2011ರಲ್ಲಿ, ಅವನು ತೀರಿಕೊಂಡು ಮೂವತ್ತಾರು ವರ್ಷದ ಮೇಲೆ.

ಆದರೆ ಇವರು ಬರೆದಿಡುತ್ತಾರೆ. ತಡವಾಗಿಯಾದರೂ ನ್ಯಾಯ ಕೊಡಿಸುವುದಕ್ಕೆ ಕೈಯಲ್ಲಿ ಲೆಕ್ಕ ಇರುತ್ತದೆ. 149, 411, 364 ಅಂತ ಯಾರೋ ಮೈದಾನದ ಪಕ್ಕ ಕೂತು ಬರೆದರು, ಅದಕ್ಕೇ ಇವತ್ತು ಪುತ್ತೂರಿನವನೊಬ್ಬ ಆ ವರ್ಷವನ್ನು ಟೌಲರ್ ಎದುರು ಇಟ್ಟು ವಾದ ಮಾಡಬಹುದು. ಇವರ ಲೆಕ್ಕದಲ್ಲೂ ತೂತು ಇದೆ, ಇಲ್ಲ ಅನ್ನುವುದಿಲ್ಲ. ಎದುರಾಳಿಯನ್ನು ಹಿಡಿದು ಕೆಡವಿದ್ದನ್ನು ಆ ಕಾಲದಲ್ಲಿ ಲೀಗ್ ಎಣಿಸುತ್ತಲೇ ಇರಲಿಲ್ಲ. ಹಾಗಾಗಿ ಟನೆಲ್ ಎಷ್ಟು ಜನರನ್ನು ಕೆಡವಿದ ಅನ್ನುವುದು ಆ 924ರಲ್ಲಿ ಇಲ್ಲ.

ನಮ್ಮಲ್ಲಿ ಅಷ್ಟೂ ಇಲ್ಲ, ಅಲ್ವಾ? ಮಾವನ ಮನೆಯ ಶೋಕೇಸಿನಲ್ಲಿ ಪ್ರಶಸ್ತಿಗಳು ಸಾಲಾಗಿವೆ. ಕೆಲವುದರ ಮೇಲೆ ಇಸವಿಯೇ ಇಲ್ಲ. ಫೋನ್ ಮಾಡಿ, ಒಟ್ಟು ಎಷ್ಟು ರೈಡರ್‌ಗಳನ್ನು ಹಿಡಿದಿರಬಹುದು ಮಾವ ಅಂತ ಕೇಳಿದೆ. "ಅದನ್ನೆಲ್ಲ ಯಾರು ಬರೆದಿಡ್ತಾರೆ ಮಾರಾಯ" ಅಂದರು. ಆಮೇಲೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. ನನಗೆ ಹೊಟ್ಟೆಯಲ್ಲಿ ಸಂಕಟ ಆಯಿತು.

ಪಂದ್ಯಾಟ ನಡೆಸುವ ಯುವಕ ಮಂಡಲಗಳು ಶಾಮಿಯಾನ, ಲೈಟು, ಮೈಕಿಗೆ ಅಷ್ಟು ಖರ್ಚು ಮಾಡುತ್ತವೆ. ಇನ್ನೂರು ಪುಟದ ಒಂದು ಪುಸ್ತಕ ಇಟ್ಟು, ಯಾರು ಯಾರನ್ನು ಹಿಡಿದರು ಅಂತ ಬರೆಯಲು ಕಬಡ್ಡಿ ಗೊತ್ತಿರುವ ಒಬ್ಬ ಹುಡುಗನನ್ನು ಕೂರಿಸಲಿ. ಪಂದ್ಯ ಮುಗಿದ ಮೇಲೆ ಆ ಪುಸ್ತಕ ಮಂಡಲದ ಕಪಾಟಿನಲ್ಲೇ ಇರಲಿ, ಯಾರ ಮನೆಗೂ ಹೋಗುವುದು ಬೇಡ.

ಮಾವನ ಜೊತೆ ಆಡಿದವರಲ್ಲಿ ಇನ್ನು ನಾಲ್ಕು ಜನ ಊರಲ್ಲಿದ್ದಾರೆ. ಡಿಸೆಂಬರಿಗೆ ಟಿಕೆಟ್ ಮಾಡಿಸಿದ್ದೇನೆ, ಐವರನ್ನೂ ಒಟ್ಟಿಗೆ ಕೂರಿಸಿ ಕೇಳಿ ಬರೆದುಕೊಳ್ಳಬೇಕು.